ಎರಡು ಗಡಿಕಲ್ಲುಗಳ ನಡುವಿನ ಖಾನಾವಳಿ

ನಮ್ಮೂರಿನ ಗುಡ್ಡ ವರ್ಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಮನೆಗಳನ್ನು ಹೊತ್ತುಕೊಂಡೇನೂ ಹೋಗುವುದಿಲ್ಲ. ಹೊದಿಕೆಯೊಳಗೆ ಮಲಗಿದವರು ಹೊರಳಿದ ಹಾಗೆ ನಮ್ಮ ಕಾಲಡಿಯಲ್ಲೇ ಒಂದಿಷ್ಟು ಮೂಡಲಿಗೋ ಪಡುವಲಿಗೋ ಸರಿದುಕೊಳ್ಳುತ್ತದೆ, ಅಷ್ಟೇ. ಹೊರಗಿನಿಂದ ಬಂದವರು ಮೂಗಿನ ಮೇಲೆ ಬೆರಳಿಡುತ್ತಾರೆ. ನಮಗೆ ಮಾತ್ರ ಅದು ಮಂಚದ ಕಾಲಿನ ಬೆಣೆಯನ್ನು ಆ ಬದಿಯಿಂದ ತೆಗೆದು ಈ ಬದಿಗೆ ಇಡುವ ಕೆಲಸ. ಹೋದ ವರ್ಷ ಬೀದಿಗೆ ಹರಿಯುತ್ತಿದ್ದ ಬಚ್ಚಲ ನೀರು ಈ ವರ್ಷ ಹಿತ್ತಲಿಗೆ ಹರಿಯುತ್ತದೆ. ಅದಕ್ಕೇ ನಮ್ಮೂರಿನ ಪ್ರತಿ ಮನೆಯ ಬಚ್ಚಲಿಗೂ ಎರಡು ತೂಬು.

ತೊಂದರೆ ಗುಡ್ಡದ್ದಲ್ಲ, ಗಡಿಯದು. ಹಿಂದೆ ಯಾರೋ ದೊಡ್ಡವರು ಕೂತು, ಗುಡ್ಡದ ನೆತ್ತಿಯೇ ಎರಡು ದೇಶಗಳ ಗಡಿ ಎಂದು ಒಪ್ಪಂದ ಬರೆದುಬಿಟ್ಟಿದ್ದರು. ನೆತ್ತಿಯ ಆಚೆ ಮೂಡಣ ದೇಶ, ಈಚೆ ಪಡುವಣ ದೇಶ. ಬರೆದವರು ಇಲ್ಲಿ ಒಂದು ದಿನವಾದರೂ ಇದ್ದಿದ್ದರೆ ಆ ಕೆಲಸ ಮಾಡುತ್ತಿರಲಿಲ್ಲ. ಗುಡ್ಡ ಸರಿದಾಗಲೆಲ್ಲ ಗಡಿಯೂ ಸರಿದು, ರಾತ್ರಿ ಒಂದು ದೇಶದಲ್ಲಿ ಮಲಗಿದವರು ಇನ್ನೊಂದು ದೇಶದಲ್ಲಿ ಏಳುತ್ತಿದ್ದರು. ನಾವು ಅದಕ್ಕೂ ಹೊಂದಿಕೊಂಡೆವು. ಮಕ್ಕಳು ಶಾಲೆಯಲ್ಲಿ ಎರಡು ನಾಡಗೀತೆ ಕಲಿತರು. ನನ್ನ ಖಾನಾವಳಿಯಲ್ಲಿ ಒಂದು ಒಲೆ ರೊಟ್ಟಿಗೆ, ಇನ್ನೊಂದು ಮುದ್ದೆಗೆ. ಮೂಡಣದವರು ನನ್ನನ್ನು ನೀಲವ್ವ ಎನ್ನುತ್ತಿದ್ದರು, ಪಡುವಣದವರು ನೀಲಮ್ಮ. ಯಾರು ಹೇಗೆ ಕರೆಯುತ್ತಾರೋ ಅವರ ಮಾತಿನಲ್ಲೇ ಓಗೊಡುವುದು ನನಗೆ ರೂಢಿಯಾಗಿತ್ತು.

ವರ್ಷ ವರ್ಷ ನೆತ್ತಿ ಎಲ್ಲಿದೆ ಎಂದು ಅಳೆಯಲು ಎರಡೂ ದೇಶಗಳಿಂದ ವಿಜ್ಞಾನಿಗಳು ಬರುತ್ತಿದ್ದರು. ಮೂಡಣದಿಂದ ಗುರುಪಾದ ಕಮತಗಿ ಎಂಬ ಎತ್ತರದ ಮನುಷ್ಯ. ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದರಿಂದ ಊರಿಗೆಲ್ಲ ಮಾಸ್ತರರು. ಪಡುವಣದಿಂದ ಡಾಕ್ಟರ್ ವಾಗ್ದೇವಿ. ಗಿಡ್ಡಗೆ, ಗಟ್ಟಿಮುಟ್ಟಾದ ಹೆಂಗಸು. ಗುಡ್ಡಕ್ಕೆ ಕಿವಿಯಿಟ್ಟು ಮಲಗಿದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅವರ ಅಳತೆಗೆ ಒಂದು ಪದ್ಧತಿಯಿತ್ತು. ಮೊದಮೊದಲು ಒಬ್ಬರನ್ನೊಬ್ಬರು ನಂಬದ ಕಾಲದಲ್ಲಿ ಶುರುವಾದದ್ದು. ಮೂಡಣದ ದುರ್ಬೀನಿನಲ್ಲಿ ಪಡುವಣದವರು ನೋಡಬೇಕು, ಪಡುವಣದ ದುರ್ಬೀನಿನಲ್ಲಿ ಮೂಡಣದವರು ನೋಡಬೇಕು. ಹಾಗೆ ನೋಡಿ, ‘ನಮ್ಮ ದೇಶ ಇಲ್ಲಿಗೆ ಮುಗಿಯಿತು’ ಎಂದು ಪ್ರತಿಯೊಬ್ಬರೂ ತಮ್ಮದರ ಕೊನೆಯನ್ನು ತಾವೇ ಕೂಗಿ ಹೇಳಬೇಕು. ಅಲ್ಲಿ ಅವರವರ ಗಡಿಕಲ್ಲು ನೆಡುತ್ತಾರೆ. ಎರಡು ಕಲ್ಲೂ ಬೆನ್ನಿಗೆ ಬೆನ್ನು ತಾಗಿಸಿ ನಿಂತರೆ ಅಳತೆ ಸರಿಯಾಯಿತು ಎಂದರ್ಥ. ಇಪ್ಪತ್ತು ವರ್ಷಗಳಲ್ಲಿ ಒಂದು ಸಲವೂ ಕಲ್ಲುಗಳ ನಡುವೆ ಬೆರಳು ತೂರಿರಲಿಲ್ಲ.

ಆ ಅಪನಂಬಿಕೆಯೇ ಬರಬರುತ್ತ ಸ್ನೇಹವಾಯಿತು. ಗುಡ್ಡದ ಅರ್ಧ ಬೆನ್ನು ಒಬ್ಬರಿಗೆ ಕಂಡರೆ ಉಳಿದರ್ಧ ಇನ್ನೊಬ್ಬರಿಗೇ ಕಾಣಬೇಕು. ಒಬ್ಬರ ಲೆಕ್ಕ ಇನ್ನೊಬ್ಬರಿಲ್ಲದೆ ಕೂಡುತ್ತಿರಲಿಲ್ಲ. ಗುಡ್ಡ ಈ ಸಲ ಜೋರಾಗಿ ಹೊರಳುತ್ತದೆ ಎಂದು ಅವರಿಬ್ಬರೂ ಸೇರಿ ಹೇಳಿದ್ದರಿಂದಲೇ ಒಮ್ಮೆ ಶಾಲೆಯನ್ನು ಮುಂಚಿತವಾಗಿ ಖಾಲಿ ಮಾಡಿಸಿದ್ದು, ಗೋಡೆ ಬಿದ್ದಾಗ ಒಳಗೆ ಒಂದು ಮಗುವೂ ಇಲ್ಲದೆ ಹೋದದ್ದು. ನನ್ನ ಮಗಳು ಚಂಪಾ ಆಗ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಅಂದಿನಿಂದ ಅವರಿಬ್ಬರ ತಟ್ಟೆಗೆ ಬಡಿಸುವಾಗ ನನ್ನ ಕೈ ತಾನಾಗಿಯೇ ಧಾರಾಳವಾಗುತ್ತಿತ್ತು.

ಚಂಪಾ ಬೆಳೆದು, ಪಡುವಣದ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾಗಿ, ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಿದ್ದ ವರ್ಷ ಎರಡು ದೇಶಗಳಿಗೂ ಜಗಳ ಹತ್ತಿತು. ಯಾವುದೋ ಆಟದ ಕೂಟದಲ್ಲಿ ಒಬ್ಬರ ಬಾವುಟವನ್ನು ಇನ್ನೊಬ್ಬರು ತಲೆಕೆಳಗಾಗಿ ಹಾರಿಸಿದರಂತೆ. ಬೇಕೆಂದೇ ಮಾಡಿದ್ದು ಎಂದು ಇವರು, ಕೈತಪ್ಪಿ ಆದದ್ದು ಎಂದು ಅವರು. ನೋಡನೋಡುತ್ತಿದ್ದಂತೆ ರಾಯಭಾರ ಕಚೇರಿಗಳಿಗೆ ಬೀಗ ಬಿತ್ತು, ಬಸ್ಸು ನಿಂತಿತು, ಊರಿನ ಎರಡೂ ಗೇಟುಗಳಲ್ಲಿ ಬಂದೂಕಿನವರು ಬಂದು ನಿಂತರು. ಅಳತೆಯವರಿಗೆ ಮಾತ್ರ ತಡೆಯಿರಲಿಲ್ಲ. ಗುಡ್ಡ ಯಾರ ಜಗಳಕ್ಕೂ ಕಾಯುವುದಿಲ್ಲವಾದ್ದರಿಂದ ಅಳತೆಯವರನ್ನೂ ಅವರ ಸಾಮಾನನ್ನೂ ಯಾವ ಕಾಲಕ್ಕೂ ತಡೆಯಕೂಡದು ಎಂದು ಹಳೆಯ ಒಪ್ಪಂದದಲ್ಲೇ ಇತ್ತು.

ಆ ವರ್ಷ ಗುಡ್ಡವೂ ಒಂಥರಾ ಆಡಿತು. ನೆತ್ತಿ ಚೂಪಾಗಿ ಏಳದೆ ಚಪ್ಪಟೆಯಾಗಿ ಹರಡಿಕೊಂಡಿತು. ನನ್ನ ಬಚ್ಚಲ ನೀರು ಯಾವ ತೂಬಿಗೂ ಹೋಗದೆ ನಿಂತಲ್ಲೇ ನಿಂತಿತು. ಅಳತೆಯ ದಿನ ಇಬ್ಬರೂ ಬಹಳ ಹೊತ್ತು ದುರ್ಬೀನಿಗೆ ಕಣ್ಣಿಟ್ಟು ನಿಂತಿದ್ದರು. ಕೊನೆಗೆ ಅವರು ಕೂಗಿದರು, ಇವರೂ ಕೂಗಿದರು, ಎರಡೂ ಕಡೆಯ ಆಳುಗಳು ಮಬ್ಬುಗತ್ತಲೆಯಲ್ಲಿ ಗಡಿಬಿಡಿಯಿಂದ ತಮ್ಮ ತಮ್ಮ ಕಲ್ಲು ನೆಟ್ಟು ಹೋದರು. ಬೆಳಿಗ್ಗೆ ನೀರು ಚಿಮುಕಿಸಲು ಬಾಗಿಲು ತೆಗೆದೆ. ಮೂಡಣದ ಕಲ್ಲು ನನ್ನ ಮನೆಯ ಆ ಪಕ್ಕದಲ್ಲಿತ್ತು, ಪಡುವಣದ ಕಲ್ಲು ಈ ಪಕ್ಕದಲ್ಲಿತ್ತು. ಎರಡೂ ನನಗೆ ಬೆನ್ನು ತಿರುಗಿಸಿ ನಿಂತಿದ್ದವು. ನಡುವೆ ನನ್ನ ಖಾನಾವಳಿ, ಒಂದು ನುಗ್ಗೆಮರ, ಒಂದು ಸೇದುವ ಬಾವಿ.

ಎರಡು ದೇಶವೂ ನನ್ನದು ಎಂದು ಜಗಳಕ್ಕೆ ಬಂದಿದ್ದರೆ ನಿಭಾಯಿಸುತ್ತಿದ್ದೆ, ಅದು ಹೊಸದಲ್ಲ. ಎರಡೂ ನನ್ನದಲ್ಲ ಎಂದರೆ ಏನು ಮಾಡುವುದು? ಪಡುವಣದ ಗೇಟಿನವನು, “ನೀವು ನಮ್ಮೋರಲ್ಲಮ್ಮ, ಕಲ್ಲು ನೋಡಿ” ಎಂದ. ಮೂಡಣದ ಗೇಟಿಗೆ ಹೋದರೆ ಅಲ್ಲಿಯವನು, “ಯವ್ವಾ, ನಮ್ಮ ದೇಶ ಅಲ್ಲೇ ಮುಗದೈತಿ” ಎಂದು ಕೈ ತೋರಿಸಿದ. ನನಗೆ ಸೊಪ್ಪು ಹಾಲಿನ ಚಿಂತೆಯಿರಲಿಲ್ಲ, ಗೇಟಿನ ಸಂದಿಯಿಂದ ಅವನ್ನು ಕೊಡುತ್ತಿದ್ದರು. ಚಿಂತೆ ಚಂಪಾಳದು. ಪಡುವಣದ ಆಸ್ಪತ್ರೆಯ ಡಾಕ್ಟರು ಅವಳ ಹೊಟ್ಟೆ ಮುಟ್ಟಿ ನೋಡಿ, ಮಗು ಅಡ್ಡಲಾಗಿದೆ, ಮನೆಯಲ್ಲಿ ಹೆರಿಗೆ ಮಾಡಿಸುವ ಮಾತೇ ಬೇಡ, ನೋವು ಬರುವ ಮುಂಚೆಯೇ ಕರೆತನ್ನಿ ಎಂದು ಹೇಳಿದ್ದರು. ಅಳಿಯ ದಿನವೂ ಗೇಟಿನ ಆಚೆ ಬಂದು ನಿಂತು, ಇವಳನ್ನು ದೂರದಿಂದ ನೋಡಿ, ಕೈಯೆತ್ತಿ ಹೋಗುತ್ತಿದ್ದ.

ಕಲ್ಲುಗಳು ಹೀಗೇಕೆ ನಿಂತವು ಎಂದು ರಾಜಧಾನಿಗಳಿಂದ ಕೇಳಿದಾಗ ಮಾಸ್ತರರೂ ವಾಗ್ದೇವಿಯವರೂ ಒಂದೇ ಉತ್ತರ ಕೊಟ್ಟರು. ನೆತ್ತಿ ಅಗಲವಾಗಿದೆ, ಈ ಪಟ್ಟಿಯೇ ನೆತ್ತಿ, ಇದು ಯಾರದೂ ಅಲ್ಲ. ಕೇಳಿದವರು ಒಪ್ಪಿಕೊಂಡರು. ಆದರೆ ಮರುದಿನ ಎಲ್ಲರೂ ಉಂಡು ಎದ್ದ ಮೇಲೆ ಮಾಸ್ತರರು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತರು.

“ನೀಲವ್ವಾ, ಒಂದು ಮಾತು ಹೊಟ್ಟ್ಯಾಗ ಇಟ್ಕೋತೀಯೇನು?”

“ಹೇಳ್ರಿ ಮಾಸ್ತರ.”

“ನಾ ಈ ಸಲ ದುರ್ಬೀನಿನ್ಯಾಗ ನೋಡಿದ್ದು ಒಂದು, ಕೂಗಿದ್ದು ಒಂದು. ನೆತ್ತಿ ಚಪ್ಪಟಿ ಇತ್ತು, ಎಲ್ಲಿ ಹಿಡದ್ರೂ ಹಿಡೀಬಹುದಿತ್ತು. ನಮಗ ಒಂಚೂರು ಜಾಸ್ತಿ ಬಂತಂದ್ರ ಅವರ ಸರಕಾರ ತಕರಾರು ತಗೀತೈತಿ. ತಕರಾರು ಆತಂದ್ರ ಅಳತೀನ ನಿಂತು ಹೋಗ್ತೈತಿ. ಎರಡು ದೇಶದ ನಡುವ ಉಳಿದಿದ್ದು ಇದೊಂದ ದಾರಿ. ಅದಕ್ಕ ಒಂದಿಷ್ಟು ಹಿಂದ ಸರದು ಅವರಿಗೇ ಬಿಟ್ಟೆ. ಬಾಯಿಗೆ ಹುಳ ಬಿದ್ದಂಗ ಆಗೈತಿ. ಆ ಹೆಣ್ಮಗಳು ಖರೇ ಓದ್ಯಾಳ, ನಾ ಸುಳ್ಳು ಓದೇನಿ. ನಿನ್ನ ಮನಿ ನಡುವ ಸಿಕ್ಕಿದ್ದು ನನ್ನಿಂದ.”

“ಹೊಟ್ಟ್ಯಾಗ ಇಟ್ಕೋತೀನ್ರಿ” ಎಂದು ಅವರಿಗೆ ಮಜ್ಜಿಗೆ ಕೊಟ್ಟೆ. ಮಾರನೆಯ ದಿನ ವಾಗ್ದೇವಿಯವರು ಅದೇ ಹೊಸ್ತಿಲಲ್ಲಿ ನಿಂತು, ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ, “ನೀಲಮ್ಮ, ಯಾರ ಹತ್ರಾನೂ ಬಾಯಿ ಬಿಡಬೇಡಿ” ಎಂದು ಶುರು ಮಾಡಿದಾಗ ನನಗೆ ಮುಂದಿನದು ಗೊತ್ತಾಗಿಹೋಯಿತು. ಅವರೂ ಹಿಂದೆ ಸರಿದಿದ್ದರು. ಕಮತಗಿಯವರ ದೇಶಕ್ಕೆ ಕಮ್ಮಿ ಬಂದರೆ ಅವರನ್ನು ಮುಂದಿನ ವರ್ಷ ಕಳಿಸುವುದಿಲ್ಲ, ಅವರಿಲ್ಲದೆ ಗುಡ್ಡದ ಅರ್ಧ ಬೆನ್ನು ತನಗೆ ಕತ್ತಲು ಎಂದು ಹೆದರಿ. “ಪಾಪ, ಅವ್ರು ಸರಿಯಾಗೇ ಓದಿದಾರೆ. ತಪ್ಪು ಮಾಡಿದ್ದು ನಾನು” ಎಂದರು.

ಇಬ್ಬರೂ ಬಿಟ್ಟುಕೊಟ್ಟಿದ್ದರು, ಇಬ್ಬರಿಗೂ ಅದು ತಿಳಿಯದು. ತಿಳಿದ ನಾನೊಬ್ಬಳು ಮಾತು ಕೊಟ್ಟು ಕೂತಿದ್ದೆ. ನನಗೆ ನಗು ಬಂದು, ಹಿಂದೆಯೇ ಸಿಟ್ಟೂ ಬಂತು. ಮರ್ಯಾದಸ್ಥರು ಮರ್ಯಾದೆ ತೋರಿಸಿ ನನ್ನ ಮಗಳನ್ನು ನಡುನೀರಿನಲ್ಲಿ ಕೈಬಿಟ್ಟಿದ್ದರು. ಆದರೂ ಬಾಯಿ ಬಿಡಲಿಲ್ಲ. ಒಬ್ಬರ ಹೆಸರು ಹೇಳಿದರೂ ಅವರ ಕೆಲಸ ಹೋಗುತ್ತದೆ, ಅಳತೆ ನಿಲ್ಲುತ್ತದೆ ಎಂಬುದು ನನಗೂ ಗೊತ್ತಿತ್ತು.

ಅಷ್ಟರಲ್ಲಿ ರಾಜಧಾನಿಗಳಲ್ಲಿ ಯಾರಿಗೋ ಬುದ್ಧಿ ಓಡಿತು. ಜಗಳ ಬಿಡಿಸಲು ಮಾತುಕತೆ ಆಗಬೇಕು, ಆದರೆ ಇವರು ಅವರ ನೆಲ ತುಳಿಯುವುದಿಲ್ಲ, ಅವರು ಇವರ ನೆಲ ತುಳಿಯುವುದಿಲ್ಲ. ಯಾರದೂ ಅಲ್ಲದ ನೆಲ ಒಂದಿದೆಯಲ್ಲ! ಹೀಗೆ ಒಂದು ಬೆಳಿಗ್ಗೆ ಎರಡು ಕಡೆಯಿಂದ ಎರಡು ಕಪ್ಪು ಕಾರು ಬಂದು, ಒಂದೊಂದು ಕಲ್ಲಿನ ಹೊರಗೆ ನಿಂತವು. ಮೂಡಣದ ರಾಯಭಾರಿ ಹಾವಿನಾಳ ಸಾಹೇಬರು, ದಪ್ಪ ಮೀಸೆಯವರು. ಪಡುವಣದವರು ಮುಕುಂದರಾಯರು, ತಟ್ಟೆಯನ್ನು ಕರವಸ್ತ್ರದಿಂದ ಒರೆಸಿಕೊಂಡೇ ಕೂರುವವರು. ನನ್ನ ಉದ್ದ ಮೇಜಿನ ಎರಡು ತುದಿಗೆ ಕುಳಿತರು.

ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉಪ್ಪು ಬೇಕಾದರೂ ಹಾವಿನಾಳರು ಮಾಸ್ತರರಿಗೆ ಹೇಳಿ, ಮಾಸ್ತರರು ವಾಗ್ದೇವಿಯವರಿಗೆ ಹೇಳಿ, ಅವರು ಮುಕುಂದರಾಯರಿಗೆ ಹೇಳಿ ಉಪ್ಪಿನ ಬಟ್ಟಲು ಮೇಜಿನ ಉದ್ದಕ್ಕೂ ಪ್ರಯಾಣ ಮಾಡಿತು. ಯಾವ ಮಾತು ಎತ್ತಿದರೂ ಒಬ್ಬರಿಗೆ ಚುಚ್ಚುತ್ತಿತ್ತು. ಚುಚ್ಚದ ಮಾತೆಂದರೆ ಗುಡ್ಡದ್ದೊಂದೇ. ವಿಜ್ಞಾನಿಗಳಿಬ್ಬರೂ ಅದನ್ನೇ ಹಿಡಿದುಕೊಂಡರು. ಗುಡ್ಡ ಏಕೆ ಹೊರಳುತ್ತದೆ, ಮುಂದೆ ಎತ್ತ ಹೊರಳಬಹುದು ಎಂದು ಅವರು ಹೇಳುತ್ತಿದ್ದರೆ ರಾಯಭಾರಿಗಳು ತುತ್ತು ಕೈಯಲ್ಲಿ ಹಿಡಿದು ಕೇಳುತ್ತಿದ್ದರು. ಗುಡ್ಡದಿಂದ ಬಾವಿ, ಬಾವಿಯಿಂದ ರಸ್ತೆ, ರಸ್ತೆಯಿಂದ ನಿಂತುಹೋದ ಬಸ್ಸಿಗೆ ಮಾತು ಇಳಿಯಿತು. ಒಂದು ದಿನ ಮುಕುಂದರಾಯರು ರೊಟ್ಟಿ ಕೇಳಿ ಹಾಕಿಸಿಕೊಂಡರು. ಹಾವಿನಾಳರು ಮುದ್ದೆ ನುಂಗುವುದು ಬಾರದೆ ಅಗಿಯುತ್ತ ಕೂತಾಗ ಮುಕುಂದರಾಯರೇ, “ಅಗೀಬೇಡಿ ಸ್ವಾಮಿ, ಹಾಗೇ ಒಳಗೆ ಬಿಡಿ” ಎಂದು ಹೇಳಿಕೊಟ್ಟರು. ವಿಜ್ಞಾನಿಗಳಿಗೂ ಇದರಿಂದ ಲಾಭವಾಯಿತು. ವರ್ಷಗಟ್ಟಲೆ ಕೇಳಿದರೂ ಸಿಗದಿದ್ದ ಅಪ್ಪಣೆ, ಗುಡ್ಡದ ಎರಡೂ ಮಗ್ಗುಲಲ್ಲಿ ಆಳದ ಗುಂಡಿ ತೋಡುವುದಕ್ಕೆ, ಒಂದು ಊಟದ ಹೊತ್ತಿನಲ್ಲಿ ಸಿಕ್ಕಿತು.

ಸಂದು ನೋಡಿ ನಾನು ಮುಕುಂದರಾಯರಿಗೆ ಕೈಮುಗಿದೆ. “ಸ್ವಾಮಿ, ನನ್ನ ಮಗಳನ್ನ ಒಂದೇ ಒಂದು ಸಲ ಗೇಟಿನ ಆಚೆ ಬಿಡಿಸಿಕೊಡಿ.”

ಅವರು ಕೆಟ್ಟವರಲ್ಲ, ಮುಖ ಸಣ್ಣದು ಮಾಡಿಕೊಂಡರು. “ಅಮ್ಮಾ, ನಿಮ್ಮನ್ನ ನಾವು ಒಳಗೆ ಬಿಟ್ಕೊಂಡ್ರೆ ಈ ಜಾಗ ನಮ್ದು ಅಂದ ಹಾಗಾಗುತ್ತೆ. ಹಾವಿನಾಳರು ಎದ್ದು ಹೊರಟು ಹೋಗ್ತಾರೆ. ಇಷ್ಟು ದಿನದ ಕೆಲಸ ನೀರುಪಾಲು. ಇನ್ನೇನು ಮುಗೀತು, ಸ್ವಲ್ಪ ತಡ್ಕೊಳ್ಳಿ.”

ಹಾವಿನಾಳರನ್ನು ಕೇಳಿದರೆ ಅವರೂ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದರು. ಮಗು ತಡೆದುಕೊಳ್ಳುತ್ತದೆಯೇ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಮಾತುಕತೆಯ ಕೊನೆಯ ದಿನ ಎಂದುಕೊಂಡು ನಾನು ಪಾಯಸ ಮಾಡಿದ್ದೆ. ರಾಯಭಾರ ಕಚೇರಿ ತೆಗೆಯುವುದು, ಬಸ್ಸು ಬಿಡುವುದು ಎಲ್ಲಕ್ಕೂ ಒಪ್ಪಿಗೆಯಾಗಿತ್ತು. ಬಾಗಿಲು ತೆಗೆಯುವ ದಿನ ಯಾರ ಬಾವುಟ ಮೊದಲು ಏರಬೇಕು ಎಂಬುದೊಂದು ಉಳಿದಿತ್ತು. ಇಬ್ಬರೂ ಅಷ್ಟಕ್ಕೇ ಮತ್ತೆ ಬಿಗಿದುಕೊಂಡು ಕೂತಿದ್ದರು. ಅಷ್ಟು ಹೊತ್ತಿಗೆ ಒಳಕೋಣೆಯಿಂದ ಚಂಪಾ, “ಅವ್ವಾ” ಎಂದಳು. ಹೋಗಿ ನೋಡಿದರೆ ಮಂಚದ ಪಟ್ಟಿ ಹಿಡಿದುಕೊಂಡು ಬೆವೆತುಹೋಗಿದ್ದಳು. ನೋವು ಶುರುವಾಗಿತ್ತು.

ನಾನು ಸೌಟು ಹಿಡಿದುಕೊಂಡೇ ಹೊರಗೆ ಬಂದೆ. “ಏನ್ರಿ ದೊಡ್ಡೋರಾ,” ಎಂದೆ. ಯಾವ ಮಾತಿನಲ್ಲಿ ಯಾರಿಗೆ ಹೇಳುತ್ತಿದ್ದೇನೆ ಎಂಬ ಎಚ್ಚರವೇ ಇರಲಿಲ್ಲ. “ಈ ಪಟ್ಟಿ ನೆತ್ತಿನೂ ಅಲ್ಲ, ಮಣ್ಣೂ ಅಲ್ಲ. ಮಾಸ್ತರರು ಅವರಿಗೆ ಅಂತ ಒಂದಿಷ್ಟು ಬಿಟ್ಟರು. ಈ ಅಮ್ಮಾವ್ರು ಇವರಿಗೆ ಅಂತ ಒಂದಿಷ್ಟು ಬಿಟ್ಟರು. ಇಬ್ಬರೂ ಬಂದು ನನ್ನ ಹೊಸ್ತಿಲಲ್ಲಿ ಹೇಳ್ಕೊಂಡಿದಾರೆ. ಇಬ್ಬರೂ ಬಿಟ್ಟಿದ್ದರ ನಡುವೆ ನನ್ನ ಮಗಳು ಸಾಯ್ತಾ ಇದಾಳೆ. ನಿಮಗೆ ಬಾವುಟ ಬೇಕಾ?”

ಮೊದಲು ಹಾವಿನಾಳರಿಗೆ ಸಿಟ್ಟು ನೆತ್ತಿಗೇರಿತು. “ಏನ್ರೀ ಕಮತಗಿ, ದೇಶದ ಮಣ್ಣು ನಿಮ್ಮಪ್ಪಂದೇನು, ಬಿಟ್ಟು ಕೊಡಾಕ?” ಮುಕುಂದರಾಯರು ವಾಗ್ದೇವಿಯವರ ಕಡೆ ತಿರುಗಿ, “ನಿಮಗೆ ಕೊಟ್ಟಿದ್ದು ಅಳೆಯೋ ಕೆಲಸ, ದಾನ ಮಾಡೋ ಕೆಲಸ ಅಲ್ಲ” ಎಂದರು. ವಿಜ್ಞಾನಿಗಳಿಬ್ಬರಿಗೂ ಅವರ ಬೈಗುಳ ಕಿವಿಗೆ ಬಿದ್ದ ಹಾಗಿರಲಿಲ್ಲ.

“ನೀವೂನಾ?” ಎಂದರು ವಾಗ್ದೇವಿ.

“ಹೂಂ. ನೀವೂ?” ಎಂದರು ಮಾಸ್ತರರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

ಆಗ ಹಾವಿನಾಳರಿಗೆ ಏನನ್ನಿಸಿತೋ. “ಆ ತಾಯಿಗೆ ಯಾಕ ಬೈತೀರಿ ರಾಯರ? ಆಕಿ ಕೊಟ್ಟಿದ್ದು ನಮಗ” ಎಂದರು. ಮುಕುಂದರಾಯರೂ ಬಿಡಲಿಲ್ಲ. “ನೀವು ಮಾತ್ರ ಮಾಸ್ತರರನ್ನ ಬೈಬಹುದೋ? ಅವರು ಕೊಟ್ಟಿದ್ದು ನಮಗೆ.” ಹೀಗೆ ಇಬ್ಬರೂ ಎದುರಿನವರ ವಿಜ್ಞಾನಿಯ ಪರ ವಹಿಸಿಕೊಂಡು ಇನ್ನೊಂದು ಜಗಳಕ್ಕೆ ಅಣಿಯಾದರು. ಒಳಗಿನಿಂದ ಚಂಪಾ ಚೀರಿದಳು. ಎಲ್ಲರೂ ಎದ್ದು ನಿಂತರು.

ಮುಕುಂದರಾಯರು ಸೂರಿನ ಕಡೆ ನೋಡುತ್ತ, ಯಾರಿಗೂ ಹೇಳದವರ ಹಾಗೆ, “ಅಳತೆಯವರನ್ನ ತಡೆಯೋ ಹಕ್ಕು ಯಾವ ಗೇಟಿಗೂ ಇಲ್ಲ” ಎಂದರು. ಹಾವಿನಾಳರು ಮೀಸೆ ಸವರಿಕೊಂಡು, “ಅಳತಿಗೆ ಎಷ್ಟು ಮಂದಿ ಬೇಕಂತ ಅಳಿಯೋರಿಗೇ ಗೊತ್ತು” ಎಂದರು. ಅಷ್ಟು ಸಾಕಾಯಿತು. ಮಾಸ್ತರರು ತಮ್ಮ ಜೀಪನ್ನು ಹಿಂದುಮುಂದಾಗಿ ಬಾಗಿಲಿಗೇ ತಂದರು. ವಾಗ್ದೇವಿಯವರೂ ನಾನೂ ಚಂಪಾಳನ್ನು ಎತ್ತಿ ಕೂರಿಸಿದೆವು. ಬಣ್ಣ ಬಳಿದ ಉದ್ದನೆಯ ಅಳತೆ ಕೋಲನ್ನು ಅವಳ ಕೈಗೆ ಕೊಟ್ಟೆವು. ಅವಳು ಅದನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಆಮೇಲೆ ಆಸ್ಪತ್ರೆಯಲ್ಲಿ ಬಿಡಿಸಲು ಇಬ್ಬರು ಬೇಕಾದರು.

ಪಡುವಣದ ಗೇಟಿನವನು ಬಗ್ಗಿ ನೋಡಿದ. “ಇವರ್ಯಾರು ಮೇಡಂ?”

“ಕೋಲು ಹಿಡಿಯೋರು. ತೆಗಿ ಬೇಗ.”

“ಅಜ್ಜಿ?”

“ಕೋಲು ಹಿಡಿಯೋರನ್ನ ಹಿಡಿಯೋರು.”

ಅವನು ಚಂಪಾಳ ಮುಖ ನೋಡಿದ, ಮತ್ತೇನೂ ಕೇಳದೆ ಗೇಟು ಎತ್ತಿದ. ಆಚೆ ನಿಂತಿದ್ದ ಅಳಿಯ ಓಡಿಬಂದು ಚಲಿಸುವ ಜೀಪಿಗೇ ಹತ್ತಿಕೊಂಡ.

ಆಮೇಲೆ ಏನೇನಾಯಿತೆಂದು ಊರಿಗೆಲ್ಲ ಗೊತ್ತಿದೆ. ಎರಡು ಬಾವುಟವನ್ನೂ ಒಂದೇ ಕಂಬಕ್ಕೆ ಅಕ್ಕಪಕ್ಕ ಕಟ್ಟಿ ಒಟ್ಟಿಗೆ ಏರಿಸಿದರು, ಬಸ್ಸು ಓಡಿತು. ಮುಂದಿನ ವರ್ಷದಿಂದ ವಿಜ್ಞಾನಿಗಳು ಸುಳ್ಳು ಓದಬಾರದು ಎಂದು ಇಬ್ಬರಿಂದಲೂ ಮಾತು ತೆಗೆದುಕೊಂಡು, ಇಬ್ಬರನ್ನೂ ಕೆಲಸದಲ್ಲಿ ಉಳಿಸಿಕೊಂಡರು. ಅಲ್ಲಿಯವರೆಗೆ ಪಟ್ಟಿ ಹಾಗೇ ಇರಲಿ, ಆದರೆ ಪಟ್ಟಿಯಲ್ಲಿರುವವರಿಗೆ ಎರಡು ಗೇಟೂ ತೆರೆದಿರಲಿ ಎಂದಾಯಿತು. ನನಗೆ ಮಾತ್ರ ಇದೆಲ್ಲಕ್ಕಿಂತ ಆಸ್ಪತ್ರೆಯ ಆ ಮಧ್ಯಾಹ್ನವೇ ಕಣ್ಣಿಗೆ ಕಟ್ಟಿದ ಹಾಗಿದೆ.

ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಹೆಣ್ಣು. ಇನ್ನೊಂದು ಗಳಿಗೆ ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ನಾನು ಮುಗಿಸಲು ಬಿಡಲಿಲ್ಲ. ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದು, ತಾಯಿಯ ಹೆಸರು, ತಂದೆಯ ಹೆಸರು ಕೇಳಿಕೊಂಡಳು. ಅಳಿಯ ಒಳಗೆ ಹೆಂಡತಿಯ ಹತ್ತಿರವಿದ್ದ. “ತಾಯಿಯ ತವರುಮನೆ ಯಾವ ದೇಶ? ಮಗುವಿನದು ಅದೇ ಬರೀಬೇಕು” ಎಂದಳು.

“ನಿಮ್ಮದ ಬರ್ಕೊಳ್ರಿ, ಪಡುವಣ” ಎಂದರು ಮಾಸ್ತರರು.

“ಮೂಡಣ ಅಂತ ಬರ್ಕೊಳ್ಳಿ” ಎಂದರು ವಾಗ್ದೇವಿ, ಅದೇ ಉಸಿರಿನಲ್ಲಿ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಾಲಿಗೆ ಕಚ್ಚಿಕೊಂಡರು. ನರ್ಸು ಪೆನ್ನು ಎತ್ತಿ ಹಿಡಿದು ನಿಂತಿದ್ದಳು. ನನಗೆ ಅಳುವೂ ನಗುವೂ ಒಟ್ಟಿಗೇ ಬಂದು, ಮಗುವನ್ನು ಅವಳ ಕೈಯಿಂದ ತೆಗೆದುಕೊಂಡುಬಿಟ್ಟೆ.

“ಮತ್ತೆ ಶುರು ಮಾಡಬೇಡಿ ಇಬ್ಬರೂ. ಇದು ನಮ್ಮನೇದು ಅಂತ ಬರ್ಕೊಳ್ಳವ್ವ.”

“ಹಾಗೆಲ್ಲ ಬರೆಯೋಕೆ ಬರಲ್ಲ ಅಜ್ಜಿ.”

“ಹಾಗಾದ್ರೆ ಖಾಲಿ ಬಿಡು. ಮುಂದಿನ ವರ್ಷ ಇವರಿಬ್ಬರೂ ಬಂದು ಅಳೀತಾರೆ, ಆಗ ಬರಿ.” ನಾನು ಅವರ ಕಡೆ ತಿರುಗಿದೆ. “ಬರ್ತೀರಿ ತಾನೇ?”

ಮಾಸ್ತರರು ಮಗುವಿನ ಮುಖ ನೋಡಲು ಬಗ್ಗಿದರು. ವಾಗ್ದೇವಿಯವರು ಅವರಿಗೆ ಕಾಣಲೆಂದು ಬಟ್ಟೆಯ ಅಂಚನ್ನು ಸರಿಸಿ ಹಿಡಿದರು.

“ಬರ್ತೀವಿ” ಎಂದರು ಇಬ್ಬರೂ.